ಜಾಡು ಹಿಡಿಯುವುದು, ಮನುಷ್ಯನನ್ನು ಹಿಡಿಯುವುದು

ನಮ್ಮ ವಾಚನಾಲಯದ ಪ್ರತಿ ಪುಸ್ತಕದ ಒಳಪುಟದಲ್ಲಿ ಶಾಯಿಯಿಂದ ಬರೆದ ಒಂದು ಸಂಖ್ಯೆ ಇರುತ್ತದೆ. ಪುಸ್ತಕ ಬಂದ ದಿನ ರಿಜಿಸ್ಟರಿಗೆ ಏರಿಸಿದ ಸಂಖ್ಯೆ ಅದು. ಕಪಾಟು ಬದಲಾಗಲಿ, ರಟ್ಟು ಕಿತ್ತುಹೋಗಲಿ, ಯಾರಾದರೂ ಕೊಂಡುಹೋಗಿ ಎರಡು ವರ್ಷ ತಾರದೆ ಇರಲಿ, ಆ ಸಂಖ್ಯೆ ಬದಲಾಗುವುದಿಲ್ಲ. ಇನ್ನೊಂದು ಪುಸ್ತಕಕ್ಕೆ ಹೋಗುವುದೂ ಇಲ್ಲ. ಆದರೆ ಪುಸ್ತಕ ಎಲ್ಲುಂಟು ಅಂತ ಕೇಳಿದರೆ ನಾವು ಆ ಸಂಖ್ಯೆ ಹೇಳುವುದಿಲ್ಲ. "ಎಡಗಡೆಯ ಕಪಾಟು, ಮೂರನೇ ಸಾಲು, ಕೊನೆಯಿಂದ ಎರಡನೆಯದ್ದು" ಅನ್ನುತ್ತೇವೆ. ನಿನ್ನೆಯ ಮಟ್ಟಿಗೆ ಅದು ಸರಿ. ಇವತ್ತು ಆ ಜಾಗದಲ್ಲಿ ಬೇರೆ ಪುಸ್ತಕ ಇರಬಹುದು.

ಇಷ್ಟು ಸಣ್ಣ ವ್ಯತ್ಯಾಸವನ್ನು ಮರೆತು ನಾನೊಮ್ಮೆ ಒಬ್ಬ ಹುಡುಗನ ಮೇಲೆ ಕಳ್ಳತನದ ಅಪವಾದ ಬರುವ ಹಾಗೆ ಮಾಡಿದೆ. ಅದರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಸಂಗತಿ ಸ್ವಲ್ಪ ಬರುತ್ತದೆ. ಹೆದರಬೇಡಿ, ಕಪಾಟು ಮತ್ತು ಪುಸ್ತಕ ಇಷ್ಟು ನೆನಪಿದ್ದರೆ ಸಾಕು.

2013ರ ಮಳೆಗಾಲ. ನಾನಾಗ ಮಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಒಂದು ಊರಿನ ಹಾಲಿನ ಸೊಸೈಟಿಗೆ ಫೋನಿನ ಆಪ್ ಮಾಡಿಕೊಟ್ಟಿದ್ದೆವು. ಊರಿನ ಹೆಸರು ಬೇಡ. ಬೆಳಿಗ್ಗೆ ಸಂಜೆ ಜನ ಹಾಲು ತರುತ್ತಾರೆ. ಅಳೆಯುವ ಹುಡುಗ ಸದಸ್ಯರ ನಂಬರ್ ಒತ್ತುತ್ತಾನೆ, ಒಂದು ಪುಟ್ಟ ಕಿಟಕಿ ತೆರೆಯುತ್ತದೆ, ಲೀಟರ್ ಮತ್ತು ಫ್ಯಾಟ್ ಹಾಕಿ "ಸೇವ್" ಒತ್ತುತ್ತಾನೆ, ಕಿಟಕಿ ಮುಚ್ಚುತ್ತದೆ. ತಪ್ಪಾದರೆ "ಅಳಿಸು" ಅನ್ನುವ ಗುಂಡಿಯೂ ಇತ್ತು. ಯಾವಾಗ ಯಾವ ಕಿಟಕಿಯಲ್ಲಿ ಯಾವ ಗುಂಡಿ ಒತ್ತಿದ ಎಂಬುದೆಲ್ಲ ಹಿಂದಿನಿಂದ ಒಂದು ಕಡತದಲ್ಲಿ ಬರೆದುಕೊಳ್ಳುತ್ತಿತ್ತು. ಅದಕ್ಕೆ ಲಾಗ್ ಅನ್ನುತ್ತಾರೆ. ಆ ಜಾಡು ಬರೆಯುವ ಭಾಗ ನನ್ನದು.

ಒಂದು ವಾರ ಬಟವಾಡೆಯ ದಿನ ಒಬ್ಬ ಅಕ್ಕನ ಲೆಕ್ಕದಲ್ಲಿ ಒಂದು ಸಂಜೆಯ ಆರೂವರೆ ಲೀಟರ್ ಕಾಣೆ. ಅಕ್ಕ ಬೊಬ್ಬೆ ಹಾಕುವವರಲ್ಲ. "ನಾನು ತಂದದ್ದು ಹೌದು, ಬೇಕಿದ್ದರೆ ಹಟ್ಟಿಗೆ ಬಂದು ದನವನ್ನೇ ಕೇಳಿ" ಅಂದರಂತೆ. ಸೊಸೈಟಿಯವರು ನಮ್ಮಲ್ಲಿ ಲಾಗ್ ಕೇಳಿದರು. ನಾನು ತೆಗೆದು ಕೊಟ್ಟೆ. ಅದರಲ್ಲಿ ಸ್ಪಷ್ಟವಾಗಿತ್ತು: ಅಕ್ಕನ ಕಿಟಕಿ ತೆರೆಯಿತು, ಲೀಟರ್ ಹಾಕಿದ, ಸೇವ್ ಒತ್ತಿದ. ಏಳು ನಿಮಿಷ ಬಿಟ್ಟು ಅದೇ ಕಿಟಕಿಯಲ್ಲಿ "ಅಳಿಸು" ಒತ್ತಿದ.

ಹುಡುಗ ನನಗೆ ಫೋನ್ ಮಾಡಿದ. "ಅಣ್ಣ, ನಾನು ಅಕ್ಕನದ್ದು ಅಳಿಸಲಿಲ್ಲ. ನೀವೊಮ್ಮೆ ಸರಿಯಾಗಿ ನೋಡಿ" ಅಂದ. ನಾನು ಹೇಳಿದ್ದು ಈಗಲೂ ನನ್ನ ಕಿವಿಯಲ್ಲುಂಟು. "ಮನುಷ್ಯರು ಮರೀತಾರೆ ಮಾರಾಯ, ಲಾಗ್ ಸುಳ್ಳು ಹೇಳುವುದಿಲ್ಲ" ಅಂದೆ. ಮರುದಿನದಿಂದ ಕೆಲಸಕ್ಕೆ ಬರುವುದು ಬೇಡ ಅಂತ ಅವನಿಗೆ ಹೇಳಿದರು.

ಲಾಗ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ನಾನು ತಪ್ಪಾಗಿ ಓದಿದ್ದೆ. ಹೇಗೆ ಅಂತ ತಿಳಿಯಬೇಕಾದರೆ ಫೋನಿನ ಒಳಗೆ ಒಂದು ಸುತ್ತು ಹೋಗಿ ಬರಬೇಕು.

ನಾವು ಪರದೆಯಲ್ಲಿ ನೋಡುವ ಪ್ರತಿಯೊಂದಕ್ಕೂ, ಕಿಟಕಿಗೆ, ಗುಂಡಿಗೆ, ಅಕ್ಷರದ ಸಾಲಿಗೆ, ಮೆಮೊರಿಯಲ್ಲಿ ಸ್ವಲ್ಪ ಜಾಗ ಬೇಕು. ಕೆಲಸ ಮುಗಿದ ಮೇಲೆ ಆ ಜಾಗ ಖಾಲಿಯಾಗಬೇಕು, ಇಲ್ಲದಿದ್ದರೆ ಮುಂದಿನ ಕಿಟಕಿಗೆ ಜಾಗವಿರುವುದಿಲ್ಲ. ಹಿಂದೆ ಪ್ರೋಗ್ರಾಂ ಬರೆಯುವವನೇ ಈ ಬಿಡುಗಡೆಯನ್ನು ನೆನಪಿಟ್ಟು ಮಾಡಬೇಕಿತ್ತು. ಮರೆತರೆ ಮೆಮೊರಿ ತುಂಬುತ್ತದೆ. ಅವಸರಪಟ್ಟು ಮೊದಲೇ ಬಿಟ್ಟರೆ ಇನ್ನೂ ಬಳಕೆಯಲ್ಲಿರುವುದರ ಮೇಲೆಯೇ ಬೇರೆಯದು ಬಂದು ಕೂರುತ್ತದೆ. ಅಮೆರಿಕದ ಜಾನ್ ಮೆಕಾರ್ಥಿ ಎಂಬವರು ಲಿಸ್ಪ್ ಎಂಬ ಭಾಷೆಯನ್ನು ಕಟ್ಟುವಾಗ ಇದಕ್ಕೊಂದು ದಾರಿ ಕಂಡುಹಿಡಿದು 1960ರಲ್ಲಿ ಪ್ರಕಟಿಸಿದರು. ಬಳಸಿ ಬಿಟ್ಟ ಜಾಗವನ್ನು ಯಂತ್ರವೇ ಹುಡುಕಿ ಗುಡಿಸಿಕೊಳ್ಳುವ ಕ್ರಮ ಅದು. ಅದಕ್ಕೆ ಗಾರ್ಬೇಜ್ ಕಲೆಕ್ಷನ್, ಅಂದರೆ ಕಸ ಗುಡಿಸುವುದು ಎಂದು ಹೆಸರಾಯಿತು. 1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಇದೇ ಕ್ರಮ. ಆಂಡ್ರಾಯ್ಡ್ ಫೋನುಗಳ ಆಪ್‌ಗಳಲ್ಲೂ ಇದೇ.

ಯಾವುದು ಕಸ ಎಂದು ಯಂತ್ರ ತೀರ್ಮಾನಿಸುವ ರೀತಿಯಲ್ಲಿ ಯೋಚಿಸಬೇಕಾದ್ದುಂಟು. ಒಂದು ವಸ್ತು ಮುಂದೆ ಬೇಕಾಗುತ್ತದೋ ಇಲ್ಲವೋ ಎಂಬುದನ್ನು ಯಂತ್ರ ತಿಳಿಯಲಾರದು. ಹಾಗಾಗಿ ಅದು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಅದರ ಬದಲು "ಇದಕ್ಕೆ ಯಾರಾದರೂ ತಲುಪಬಲ್ಲರೋ?" ಎಂದು ಕೇಳುತ್ತದೆ. ಕೆಲವು ವಸ್ತುಗಳನ್ನು ಬೇರು ಎಂದು ಇಟ್ಟುಕೊಳ್ಳುತ್ತದೆ. ಬೇರಿನಿಂದ ಹೊರಟು, ಅದು ಯಾವುದನ್ನು ಹಿಡಿದುಕೊಂಡಿದೆ, ಹಿಡಿದುಕೊಂಡದ್ದು ಮತ್ತೆ ಯಾವುದನ್ನು ಹಿಡಿದಿದೆ ಎಂದು ಕೊಂಡಿ ಕೊಂಡಿಯಾಗಿ ಹೋಗಿ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುತ್ತದೆ. ಗುರುತು ಬೀಳದೆ ಉಳಿದದ್ದು ಕಸ. ಯಾರೂ ಹಿಡಿದುಕೊಳ್ಳದ ವಸ್ತು ಹೋಗುತ್ತದೆ, ಅದರ ಜಾಗ ಇನ್ನೊಂದಕ್ಕೆ ಸಿಗುತ್ತದೆ.

ನನ್ನ ತಪ್ಪು ಇಲ್ಲೇ ಆದದ್ದು. ಲಾಗಿನಲ್ಲಿ ಕಿಟಕಿಗೆ ಒಂದು ಹೆಸರು ಬೇಕಿತ್ತು. ಮೆಮೊರಿಯಲ್ಲಿ ಅದು ಕೂತ ಜಾಗದಿಂದ ಹುಟ್ಟುವ ಒಂದು ಸಂಖ್ಯೆ ಖರ್ಚಿಲ್ಲದೆ ಸಿಗುತ್ತಿತ್ತು. ಅದನ್ನೇ ಹೆಸರಾಗಿ ಬರೆದೆ. ಅಕ್ಕನ ಕಿಟಕಿ ಮುಚ್ಚಿತು. ಕಸ ಗುಡಿಸುವವ ಬಂದು ಹೋದ. ಏಳು ನಿಮಿಷದ ನಂತರ ಬೇರೆ ಒಬ್ಬರ ಕಿಟಕಿ ಅದೇ ಜಾಗದಲ್ಲಿ ಹುಟ್ಟಿತು. ಆ ಮನುಷ್ಯನ ಹಾಲು ಎರಡು ಸಲ ದಾಖಲಾಗಿತ್ತು, ಹುಡುಗ ಒಂದನ್ನು ಅಳಿಸಿದ. ಅಳಿಸಬೇಕಾದ್ದೇ. ಆದರೆ ಲಾಗಿನಿಂದ ಪಟ್ಟಿ ತೆಗೆಯುವ ನನ್ನ ಪ್ರೋಗ್ರಾಂ ಒಂದು ಸಂಖ್ಯೆಗೆ ಮೊದಲು ಕಂಡ ಸದಸ್ಯರ ಹೆಸರನ್ನೇ ಕೊನೆಯವರೆಗೂ ಹಾಕುತ್ತಿತ್ತು. ಕಪಾಟಿನ ಜಾಗವನ್ನೇ ಪುಸ್ತಕದ ಹೆಸರು ಅಂದುಕೊಂಡರೆ ಹೇಗೋ ಹಾಗೆ.

ಇದು ನನಗೆ ಗೊತ್ತಾದದ್ದು ಸುಮಾರು ಎರಡು ತಿಂಗಳ ಮೇಲೆ, ಅದೂ ಬೇರೆ ಯಾವುದೋ ತೊಂದರೆ ಹುಡುಕುತ್ತಿದ್ದಾಗ. ಅಂಥದ್ದೇ ಫೋನಿನಲ್ಲಿ ಒಂದರ ಹಿಂದೆ ಒಂದು ಕಿಟಕಿ ತೆರೆದು ಮುಚ್ಚುತ್ತಿದ್ದೆ. ಎರಡು ಬೇರೆ ಬೇರೆ ಕಿಟಕಿಗೆ ಒಂದೇ ಸಂಖ್ಯೆ ಬಂತು. ಕೈ ತಣ್ಣಗಾಯಿತು. ಆ ಸಂಜೆಯ ಲಾಗ್ ತೆಗೆದು, ಪಟ್ಟಿಯನ್ನು ಬಿಟ್ಟು, ಸಾಲು ಸಾಲಾಗಿ ಓದಿದೆ. ಎರಡನೇ ಕಿಟಕಿ ತೆರೆದ ಸಾಲು ಅಲ್ಲಿತ್ತು. ಅದರಲ್ಲಿ ಬೇರೆ ಸದಸ್ಯರ ನಂಬರ್ ಇತ್ತು. ಅಕ್ಕನ ಆರೂವರೆ ಲೀಟರ್ ಎಲ್ಲಿ ಹೋಯಿತು ಅಂದರೆ, ಎಲ್ಲಿಗೂ ಹೋಗಿರಲಿಲ್ಲ. ಆ ಸಂಜೆ ನೆಟ್‌ವರ್ಕ್ ಹೋಗಿತ್ತು. ಲೆಕ್ಕ ಸೊಸೈಟಿಯ ಫೋನಿನಲ್ಲೇ ಕೂತಿತ್ತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. "ಅದಕ್ಕೇ ಈ ಜಾಡು ಬರೆಯುವ ಕೆಲಸವೇ ಬೇಡ, ನಂಬಿಕೆ ಸಾಕು" ಎಂದು ನೀವು ಹೇಳಬಹುದು. ನಾನೂ ಕೆಲವು ದಿನ ಹಾಗೇ ಅಂದುಕೊಂಡೆ. ಆದರೆ ಹುಡುಗನ ಮೇಲಿನ ಅಪವಾದ ಹೋದದ್ದು ಕೂಡ ಅದೇ ಲಾಗಿನಿಂದ. ಅದು ಇಲ್ಲದಿದ್ದರೆ ಅಕ್ಕನ ಮಾತು ಒಂದು, ಹುಡುಗನ ಮಾತು ಇನ್ನೊಂದು. ಯಾರ ಕಡೆ ಜನ ಹೆಚ್ಚೋ ಅವರದ್ದೇ ಸತ್ಯ ಆಗುತ್ತಿತ್ತು. ಬಡವನಿಗೂ ಒಬ್ಬಂಟಿಗನಿಗೂ ಲಿಖಿತದ ಬಲ ಬೇಕು. ಜಾಡು ಬೇಕು. ಪ್ರಶ್ನೆ ಇರುವುದು ಅದನ್ನು ಹೇಗೆ ಹಿಡಿಯಬೇಕು ಎಂಬಲ್ಲಿ.

ತಪ್ಪು ಗೊತ್ತಾದ ಮೇಲೆ ನಾನು ಮೊದಲು ಮಾಡಿದ ಉಪಾಯ ಇನ್ನೂ ದಡ್ಡತನದ್ದು. ಜಾಗ ಇನ್ನೊಂದು ಕಿಟಕಿಗೆ ಸಿಗುವುದರಿಂದ ತಾನೇ ಈ ಗೊಂದಲ? ಹಾಗಾದರೆ ಜಾಗವನ್ನು ಬಿಡದಿದ್ದರಾಯಿತು. ತೆರೆದ ಪ್ರತಿ ಕಿಟಕಿಯನ್ನೂ ನನ್ನ ಜಾಡಿನ ಪ್ರೋಗ್ರಾಂ ಹಿಡಿದುಕೊಳ್ಳುವ ಹಾಗೆ ಮಾಡಿದೆ. ಕಿಟಕಿ ಮುಚ್ಚಿದರೂ ನಾನು ಹಿಡಿದಿದ್ದೇನಲ್ಲ, ಗುಡಿಸುವವ ಮುಟ್ಟುವುದಿಲ್ಲ. ಲೆಕ್ಕ ಸರಿಯಾಯಿತು. ಆದರೆ ಅರ್ಧ ಗಂಟೆಯಲ್ಲಿ ಫೋನು ಏದುಸಿರು ಬಿಡಲು ಸುರು ಮಾಡಿತು.

ಕಾರಣ ಸರಳ. ಆಗಿನ ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸತಾಗಿ ಬರೆಯಲ್ಪಡುತ್ತಿತ್ತು. ಒಂದೊಂದು ಸಲಕ್ಕೆ ಸಿಗುತ್ತಿದ್ದ ಸಮಯ ಸುಮಾರು 16 ಮಿಲಿಸೆಕೆಂಡ್. ಗುಡಿಸುವವ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ನಿಲ್ಲಿಸಿದರೆ ಪರದೆ ತಡವರಿಸುತ್ತದೆ. ನಾನು ಹಿಡಿದಿಟ್ಟ ಸತ್ತ ಕಿಟಕಿಗಳನ್ನೆಲ್ಲ ಅವನು ಪ್ರತಿ ಸಲವೂ ಎಣಿಸಬೇಕು, ಗುಡಿಸಲು ಏನೂ ಸಿಗುವುದಿಲ್ಲ, ಮತ್ತೆ ಬರಬೇಕು. ಕೊನೆಗೆ ಬೆರಳು ಒತ್ತಿದರೂ ಉತ್ತರವಿಲ್ಲ. ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ ಆಂಡ್ರಾಯ್ಡ್ "ಈ ಆಪ್ ಸ್ಪಂದಿಸುತ್ತಿಲ್ಲ, ಮುಚ್ಚಲೋ?" ಎಂದು ಕೇಳುತ್ತದೆ. ಅಷ್ಟಕ್ಕೆ ಬಂತು. ಆಪ್ ಏನು ಮಾಡುತ್ತದೆ ಎಂದು ನೋಡಲು ಇಟ್ಟ ಕಾವಲುಗಾರನೇ ಅದರ ಉಸಿರು ಕಟ್ಟಿಸಿದ.

ಇದು ನಮಗೆ ಕಾಣದ ಸಂಗತಿಯಲ್ಲ. ಮಗ ಎಲ್ಲಿ ಹೋಗುತ್ತಾನೆ, ಯಾರ ಹತ್ತಿರ ಮಾತಾಡುತ್ತಾನೆ ಎಂದು ಹೆಜ್ಜೆ ಹೆಜ್ಜೆಗೂ ನೋಡುವ ತಂದೆಯ ಮನೆಯಲ್ಲಿ ಮಗ ಮಾತಾಡುವುದನ್ನೇ ನಿಲ್ಲಿಸುತ್ತಾನೆ. ತಂದೆಗೆ ಎಲ್ಲ ಕಾಣುತ್ತದೆ, ಆದರೆ ಕಾಣಬೇಕಾದ ಮಗ ಅಲ್ಲಿರುವುದಿಲ್ಲ. ಶಾಲೆಯ ಮೇಷ್ಟ್ರುಗಳಿಗೂ ಇದು ಗೊತ್ತುಂಟು.

ಸರಿಯಾದ ದಾರಿ ಎರಡು ಭಾಗದ್ದು. ಒಂದು, ಹುಟ್ಟಿದ ಕೂಡಲೇ ಪ್ರತಿ ಕಿಟಕಿಗೆ ಒಂದು ಕ್ರಮಸಂಖ್ಯೆ ಕೊಡುವುದು, ಆ ಸಂಖ್ಯೆಯನ್ನು ಮತ್ತೆ ಯಾರಿಗೂ ಕೊಡದಿರುವುದು. ಶಾಲೆಯ ದಾಖಲಾತಿ ರಿಜಿಸ್ಟರಿನ ಸಂಖ್ಯೆ ಹಾಗೆ. ಹಾಜರಿ ನಂಬರ್ ವರ್ಷ ವರ್ಷ ಬದಲಾಗುತ್ತದೆ, ಬೆಂಚು ದಿನಾ ಬದಲಾದೀತು, ದಾಖಲಾತಿ ಸಂಖ್ಯೆ ಮಾತ್ರ ಆ ಮಗುವಿನದ್ದೇ. ಎರಡು, ಹಿಡಿಯದೆ ನೋಡುವುದು. ಜಾವಾದ 1998ರ ಆವೃತ್ತಿಯಲ್ಲೇ ಇದಕ್ಕೊಂದು ವ್ಯವಸ್ಥೆ ಬಂದಿತ್ತು, ಸಡಿಲ ಕೊಂಡಿ ಎಂದು ಹೇಳಬಹುದು. ಈ ಕೊಂಡಿಯಿಂದ ವಸ್ತುವನ್ನು ನೋಡಬಹುದು, ಆದರೆ ಗುಡಿಸುವವ ಇದನ್ನು ಹಿಡಿತ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಯಾರೂ ಹಿಡಿದಿಲ್ಲವಾದರೆ ವಸ್ತು ತನ್ನ ಪಾಡಿಗೆ ಹೋಗುತ್ತದೆ. ನೋಡುತ್ತಿದ್ದವನಿಗೆ "ಅದು ಹೋಯಿತು" ಎಂಬ ಸುದ್ದಿ ಮಾತ್ರ ಉಳಿಯುತ್ತದೆ.

ನಮ್ಮ ವಾಚನಾಲಯದ ರಿಜಿಸ್ಟರ್ ಕೂಡ ಹೀಗೇ ತಾನೇ? ಪುಸ್ತಕ ಯಾರ ಮನೆಯಲ್ಲುಂಟು ಎಂದು ಅದಕ್ಕೆ ಗೊತ್ತು. ಗೊತ್ತಿರುವುದಕ್ಕಾಗಿ ಪುಸ್ತಕವನ್ನು ಸರಪಳಿಯಲ್ಲಿ ಕಟ್ಟಿಹಾಕುವುದಿಲ್ಲ.

2015ರಲ್ಲಿ ಸ್ಕ್ವೇರ್ ಎಂಬ ಕಂಪೆನಿಯವರು ಆಂಡ್ರಾಯ್ಡ್ ಆಪ್‌ಗಳಿಗಾಗಿ ಲೀಕ್‌ಕ್ಯಾನರಿ ಎಂಬ ಸಲಕರಣೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕ್ಯಾನರಿ ಒಂದು ಪುಟ್ಟ ಹಕ್ಕಿ. ಕಲ್ಲಿದ್ದಲ ಗಣಿಗೆ ಇಳಿಯುವವರು ವಿಷಗಾಳಿಯ ಮುನ್ಸೂಚನೆಗೆ ಅದನ್ನು ಒಯ್ಯುತ್ತಿದ್ದರು. ಈ ಸಲಕರಣೆ ಕೆಲಸ ಮುಗಿದ ಪರದೆಗಳನ್ನು ಸಡಿಲ ಕೊಂಡಿಯಿಂದ ನೋಡುತ್ತಾ ಕೂರುತ್ತದೆ. ಸ್ವಲ್ಪ ಹೊತ್ತಾದರೂ ಒಂದು ಪರದೆ ಹೋಗದಿದ್ದರೆ, ಅದನ್ನು ಇನ್ನೂ ಯಾರು ಹಿಡಿದುಕೊಂಡಿದ್ದಾರೆ ಎಂದು ಬೇರಿನವರೆಗೆ ಕೊಂಡಿಗಳನ್ನು ತೋರಿಸುತ್ತದೆ. ಕೆಲಸ ಮುಗಿದ ಮೇಲೂ ಯಾರೋ ಬಿಡದೆ ಹಿಡಿದುಕೊಂಡಿರುವುದಕ್ಕೆ ನಮ್ಮ ಕಸುಬಿನಲ್ಲಿ ಸೋರಿಕೆ ಎಂದು ಹೆಸರು.

ಇಂಥ ಸೋರಿಕೆ ಯಂತ್ರದಲ್ಲಿ ಮಾತ್ರ ಆಗುವುದಲ್ಲ. ಹುಡುಗನದ್ದು ತಪ್ಪಲ್ಲ ಎಂದು ತೀರ್ಮಾನವಾದ ಮೇಲೆ ನಾನು ಸೊಸೈಟಿಗೆ ಹೋದೆ. ಬಟವಾಡೆ ಆಗಿ, ತಕರಾರಿಗೆ ಒಂದಿಷ್ಟು ದಿನ ಕಳೆದ ಮೇಲೆ ಲಾಗನ್ನು ಅಳಿಸಿಬಿಡುವ, ಅಂದೆ. ಅಲ್ಲಿನ ಹಿರಿಯರೊಬ್ಬರು "ಇರಲಿ ಬಿಡಿ, ಯಾವಾಗಲಾದರೂ ಬೇಕಾದೀತು" ಅಂದರು. ಆಮೇಲೆ ತಿಳಿಯಿತು, ಅದೇ ಲಾಗ್ ಹಿಡಿದುಕೊಂಡು ಹೊಸದಾಗಿ ಬಂದ ಹುಡುಗ ಒಂದೊಂದು ಅಳತೆಗೆ ಎಷ್ಟು ಸೆಕೆಂಡ್ ತೆಗೆದುಕೊಂಡ, ನಡುವೆ ಎಷ್ಟು ಹೊತ್ತು ಫೋನು ಮುಟ್ಟಲಿಲ್ಲ ಎಂದೆಲ್ಲ ಲೆಕ್ಕ ಹಾಕುತ್ತಿದ್ದರು. ಹಾಲಿನ ಲೆಕ್ಕಕ್ಕೆ ಬರೆದ ಜಾಡು ಹುಡುಗನ ಚಾಯ ಕುಡಿಯುವ ಹೊತ್ತಿನ ಲೆಕ್ಕವಾಯಿತು. ಕಾರ್ಯದ ಜಾಡು ಹೋಗಿ ಮನುಷ್ಯನ ಜಾಡಾಯಿತು.

ಹಳೆಯ ಕಾಗದದ ಬೆಲೆ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ನಾವು ಕಾಸರಗೋಡಿನವರು. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಜ್ಜನ ಕಾಲದ ಕಾಗದ ಇಲ್ಲದೆ ಜಮೀನಿನ ವಿಷಯದಲ್ಲಿ ಅಲೆದವರು ನಮ್ಮಲ್ಲಿ ಇದ್ದಾರೆ. ಹಾಗಾದರೆ ಎಲ್ಲವನ್ನೂ ಇಟ್ಟುಕೊಳ್ಳುವುದೇ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿದರೆ ಒಂದು ವ್ಯತ್ಯಾಸವನ್ನು ನೋಡಿ ಅನ್ನುತ್ತೇನೆ. ಅಜ್ಜನ ಪೆಟ್ಟಿಗೆಯ ಕಾಗದ ಹಕ್ಕು ಯಾರದ್ದೋ ಅವರ ಕೈಯಲ್ಲೇ ಉಂಟು, ಅವರ ಸಲುವಾಗಿಯೇ ಉಂಟು. ಹುಡುಗನ ಬೆರಳಿನ ಜಾಡು ಅವನ ಕೈಯಲ್ಲಿಲ್ಲ. ಅವನಿಗೆ ಅದನ್ನು ಓದಲೂ ಬಾರದು. ಅವನ ಮೇಲೆ ಬೀಸಲು ಇನ್ನೊಬ್ಬರ ಕಪಾಟಿನಲ್ಲುಂಟು. ಎರಡೂ ದಾಖಲೆಯೇ, ಆದರೆ ಕೊಂಡಿ ಯಾವ ಬೇರಿನಿಂದ ಹೊರಟದ್ದು ಎಂದು ನೋಡಿದರೆ ಎರಡೂ ಒಂದೇ ಅಲ್ಲ.

ಊರಿನ ಬಾಯಿ ಇನ್ನೂ ಕಷ್ಟದ್ದು. ಮೆಕಾರ್ಥಿಯವರ ಕ್ರಮ ಬಂದ 1960ರಲ್ಲೇ ಜಾರ್ಜ್ ಕಾಲಿನ್ಸ್ ಎಂಬವರು ಇನ್ನೊಂದು ಕ್ರಮ ಹೇಳಿದ್ದರು. ಒಂದು ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂದು ಎಣಿಸುತ್ತಿರಬೇಕು, ಎಣಿಕೆ ಸೊನ್ನೆಯಾದರೆ ಅದು ಕಸ. ಚೆನ್ನಾಗಿದೆ, ಆದರೆ ಒಂದು ಕೊರತೆಯುಂಟು. ಎರಡು ವಸ್ತು ಒಂದನ್ನೊಂದು ಹಿಡಿದುಕೊಂಡಿದ್ದರೆ ಬೇರೆ ಯಾರಿಗೂ ಬೇಡವಾದರೂ ಎರಡರ ಎಣಿಕೆಯೂ ಒಂದೇ ಇರುತ್ತದೆ, ಎಂದೂ ಸೊನ್ನೆಯಾಗುವುದಿಲ್ಲ. ನಮ್ಮ ಸುದ್ದಿಗಳು ಹಾಗೆ. "ಹಾಲಿನ ಲೆಕ್ಕದಲ್ಲಿ ಎಂತದೋ ಮಾಡಿದ್ದನಂತೆ" ಎಂದು ಒಬ್ಬರು ಹೇಳುತ್ತಾರೆ. ಯಾರು ಹೇಳಿದ್ದು ಅಂದರೆ ಇನ್ನೊಬ್ಬರನ್ನು ತೋರಿಸುತ್ತಾರೆ. ಆ ಇನ್ನೊಬ್ಬರಲ್ಲಿ ಕೇಳಿದರೆ ಮೊದಲಿನವರನ್ನೇ ತೋರಿಸುತ್ತಾರೆ. ಬುಡದಲ್ಲಿ ಏನೂ ಇಲ್ಲ, ಆದರೂ ಸುದ್ದಿ ಜೀವಂತ. ಬೇರಿನಿಂದ ಹೊರಟು ನೋಡುವವರು ಬಂದರೆ ಮಾತ್ರ ಅದು ಕಸ ಎಂದು ತಿಳಿಯುವುದು. ಊರಿಗೆ ಅಂಥ ಗುಡಿಸುವವನನ್ನು ಯಾರೂ ಕೊಟ್ಟಿಲ್ಲ. ಆ ಕೆಲಸ ನಾವೇ ಮಾಡಬೇಕು.

ಸೊಸೈಟಿಯವರು ಹುಡುಗನನ್ನು ಮತ್ತೆ ಕರೆದರು. ಅವನು ಹೋಗಲಿಲ್ಲ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ. ನಾನು ಅವನ ಮನೆಗೆ ಹೋದೆ, ಚಾವಡಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಜಾಗ, ಕಿಟಕಿ, ಗುಡಿಸುವವ, ಎಲ್ಲ. ಅವನ ಅಮ್ಮ ಚಾಯ ತಂದಿಟ್ಟರು, ನನ್ನ ಹತ್ತಿರ ಮಾತಾಡಲಿಲ್ಲ. ಹುಡುಗ ಕೊನೆಯವರೆಗೂ ಕೇಳಿ, "ನೀವು ಆವತ್ತು ಸರಿಯಾಗಿ ನೋಡಿದ್ದರೆ ಆಗುತ್ತಿತ್ತು ಅಣ್ಣ. ಆಯ್ತು, ಬಿಡಿ" ಅಂದ.

ಬಿಡಿ ಎಂದು ಹೇಳುವ ಹಕ್ಕು ಅವನಿಗಿತ್ತು. ಬಿಡುವ ಹಕ್ಕು ನನಗಿಲ್ಲ ಎಂದು ನನ್ನ ಅನಿಸಿಕೆ. ಅವನ ಹೆಸರಿಗೆ ಅಂಟಿದ್ದನ್ನು ಊರು ಬಿಡಬೇಕು, ನನ್ನ ಬಾಯಿಂದ ಬಂದ ಮಾತನ್ನು ನಾನು ಹಿಡಿದಿಟ್ಟುಕೊಳ್ಳಬೇಕು. ಹಾನಿ ಮಾಡಿದವನು ಮರೆತು, ಹಾನಿಗೊಳಗಾದವನು ಹೊತ್ತುಕೊಂಡು ತಿರುಗುವುದು ತಲೆಕೆಳಗಾದ ಲೆಕ್ಕ.

ಈಗ ಎಲ್ಲ ಕಡೆಯೂ ಫೋನಿನಲ್ಲೇ ಲೆಕ್ಕ. ರೇಷನ್ನು, ಬ್ಯಾಂಕು, ಶಾಲೆಯ ಹಾಜರಿ, ಎಲ್ಲದರ ಹಿಂದೆ ಒಂದು ಲಾಗ್ ಬರೆಯುತ್ತಾ ಇರುತ್ತದೆ. ಇನ್ನು ಮುಂದೆ ಯಾರಾದರೂ "ಕಂಪ್ಯೂಟರಿನಲ್ಲಿ ಹೀಗೇ ಉಂಟು" ಎಂದು ನಿಮ್ಮ ಮೇಲೆ ಒಂದು ಮಾತು ಹೊರಿಸಿದರೆ, ಸಿಟ್ಟು ಮಾಡದೆ ಎರಡು ಪ್ರಶ್ನೆ ಕೇಳಿ. ಅಲ್ಲಿ ಬರೆದ ಹೆಸರು ನನ್ನದೋ, ನಾನು ಕೂತಿದ್ದ ಜಾಗದ್ದೋ? ಈ ಜಾಡನ್ನು ಹಿಡಿದುಕೊಂಡವರು ಯಾರು, ಎಷ್ಟು ದಿನದವರೆಗೆ? ಆವತ್ತು ಹುಡುಗ ಫೋನ್ ಮಾಡಿದಾಗ ಈ ಪ್ರಶ್ನೆಗಳು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.